ಎಳೆ ತುಂಡಾದರೆ ಮಗ್ಗ ನಿಲ್ಲಬೇಕು: ಟೊಯೋಟಾ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ತುಮಕೂರಿನಲ್ಲಿ ನಾನು ಗ್ಯಾರೇಜ್ ನಡೆಸಿದ 22 ವರ್ಷದಲ್ಲಿ, ಬೇರೆ ಗಾಡಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದದ್ದು ತೀರಾ ಕಡಿಮೆ ಅಂದರೆ ಟೊಯೋಟಾ ಗಾಡಿಗಳು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ತಮ್ಮ ಗಾಡಿಯ ಕಥೆ ಬರೆದಿದ್ದಾರೆ, ಕೆಲವರು ಜಗಳಕ್ಕೇ ಬಂದಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ನಮ್ಮ ಮನೆಯಲ್ಲಿ ಆರು ಪವರ್‌ಲೂಮ್ ಇವೆ. ಟೊಯೋಟಾದವರು ಮೊದಲು ಮಗ್ಗ ಮಾಡುತ್ತಿದ್ದರು ಅಂತ ಮಗ ಹೇಳುತ್ತಾನೆ. ಮಗ್ಗಕ್ಕೂ ಕಾರಿಗೂ ಏನು ಸಂಬಂಧ? ನನಗಂತೂ ನಂಬಿಕೆ ಬರುತ್ತಿಲ್ಲ.
ಓದುಗರು, ದೊಡ್ಡಬಳ್ಳಾಪುರ

ಮಗ ಸರಿಯಾಗಿಯೇ ಹೇಳಿದ್ದಾನೆ ಅಕ್ಕ. ಜಪಾನಿನಲ್ಲಿ ಸಕಿಚಿ ಟೊಯೋಡಾ ಅಂತ ಒಬ್ಬರಿದ್ದರು. ಹುಟ್ಟಿದ್ದು 1867ರಲ್ಲಿ, ಬಡಗಿಯ ಮಗ. ಹಳ್ಳಿಯ ಹೆಂಗಸರು ಕೈಮಗ್ಗದ ಮುಂದೆ ಸೊಂಟ ಬಗ್ಗಿಸಿ ಪಡುವ ಪಾಡನ್ನು ನೋಡಿ ಬೆಳೆದವರು. ಮರದ ಕೈಮಗ್ಗವನ್ನು ಸುಧಾರಿಸಿ 1891ರಲ್ಲಿ ಮೊದಲ ಪೇಟೆಂಟ್ ಪಡೆದರು. ಆಮೇಲೆ ಜೀವನಪೂರ್ತಿ ಮಗ್ಗವೇ. 1924ರಲ್ಲಿ ಬಂದ ಅವರ ಜಿ ಮಾದರಿಯ ಮಗ್ಗ ಎರಡು ಕೆಲಸ ಮಾಡುತ್ತಿತ್ತು. ಲಾಳಿಯಲ್ಲಿ ನೂಲು ಮುಗಿದರೆ ಓಟ ನಿಲ್ಲಿಸದೆ ತಾನೇ ಲಾಳಿ ಬದಲಿಸುತ್ತಿತ್ತು. ಎಳೆ ತುಂಡಾದರೆ ಮಾತ್ರ ತಕ್ಷಣ ತಾನೇ ನಿಂತುಬಿಡುತ್ತಿತ್ತು.

ಇದರ ಬೆಲೆ ಮಗ್ಗದವರಾದ ನಿಮಗೆ ನಾನು ಹೇಳಬೇಕಿಲ್ಲ. ಹಾಸಿನ ಎಳೆ ಹರಿದದ್ದು ಕಣ್ಣಿಗೆ ಬೀಳದೆ ಒಂದು ಮೊಳ ನೇಯ್ದುಬಿಟ್ಟರೆ ಆ ಸೀರೆಯನ್ನು ಯಾವ ಅಂಗಡಿಯವನು ಪೂರಾ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾನೆ? ಅದಕ್ಕೇ ಒಬ್ಬೊಬ್ಬ ನೇಕಾರ ಒಂದೊಂದು ಮಗ್ಗದ ಮುಂದೆ ಕಣ್ಣು ಕೀಲಿಸಿ ಕೂರಬೇಕಿತ್ತು. ಕೆಟ್ಟಾಗ ಮಗ್ಗವೇ ನಿಲ್ಲುತ್ತದೆ ಅಂದಮೇಲೆ ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಾಯಿತು.

ಆ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ 1 ಲಕ್ಷ ಪೌಂಡಿಗೆ ಕೊಡುವ ಒಪ್ಪಂದ 1929ರಲ್ಲಿ ಆಯಿತು. ಮುಂದಿನ ವರ್ಷವೇ ಸಕಿಚಿ ತೀರಿಕೊಂಡರು. ಮಗ ಕಿಚಿರೊಗೆ ಕಾರಿನ ಹುಚ್ಚು. ಆಗ ಜಪಾನಿನಲ್ಲಿ ಓಡುತ್ತಿದ್ದವೆಲ್ಲ ಬಹುಪಾಲು ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಗಾಡಿಗಳು. ಕಿಚಿರೊ ಒಂದು ಷೆವರ್ಲೆ ತಂದು ಬಿಚ್ಚಿ ಹರವಿಕೊಂಡು ಕೂತರು. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ಶುರುವಾಯಿತು, 1935ರಲ್ಲಿ ಮೊದಲ ಲಾರಿ, 1936ರಲ್ಲಿ ಮೊದಲ ಕಾರು, 1937ರಲ್ಲಿ ಬೇರೆಯೇ ಕಂಪನಿ. ಟೊಯೋಡಾ ಹೋಗಿ ಟೊಯೋಟಾ ಆದದ್ದೂ ಆ ಹೊತ್ತಿಗೇ. ಜಪಾನಿ ಲಿಪಿಯಲ್ಲಿ ಟೊಯೋಟಾ ಅಂತ ಬರೆಯಲು ಎಂಟು ಗೆರೆ ಸಾಕು, ಎಂಟು ಅಲ್ಲಿ ಶುಭ ಸಂಖ್ಯೆ.

ಒಂದು ವಿಷಯ ಮಗನಿಗೆ ತಪ್ಪದೆ ಹೇಳಿ. ಆ ಮೊದಲ ಲಾರಿಗಳು ಪದೇ ಪದೇ ಕೆಟ್ಟು ರಸ್ತೆಯಲ್ಲಿ ನಿಲ್ಲುತ್ತಿದ್ದವು. ಕಂಪನಿಯವರೇ ಹೋಗಿ ರಿಪೇರಿ ಮಾಡಿಕೊಡುತ್ತಿದ್ದರು, ಯಾವ ಭಾಗ ಮುರಿಯಿತೋ ಅದನ್ನು ಗಟ್ಟಿ ಮಾಡುತ್ತಿದ್ದರು. ಈಗಿನ ಹೆಸರು ಹುಟ್ಟಿದ್ದು ಹಾಗೆ.

ನಮ್ಮ ರಾಜ್ಯಕ್ಕೂ ಅವರು ಮೊದಲು ಬಂದದ್ದು ಕಾರಿನ ಜೊತೆಗಲ್ಲ, ನೂಲಿನ ಜೊತೆಗೆ. 1995ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಜಿಗಣಿಯಲ್ಲಿ ನೂಲುವ ಯಂತ್ರಗಳ ಕಂಪನಿ ಶುರು ಮಾಡಿದರು. ಬಿಡದಿಯ ಕಾರು ಕಾರ್ಖಾನೆಗೆ ದಾರಿ ಮಾಡಿಕೊಟ್ಟದ್ದು ಆ ನಂಟು, ಅದರ ಹಿಂದೆ ಇದ್ದವರು ವಿಕ್ರಮ್ ಕಿರ್ಲೋಸ್ಕರ್. ಅವರು 2022ರಲ್ಲಿ ತೀರಿಕೊಂಡರು. ಇನ್ನೋವಾ ಕ್ರಿಸ್ಟಾದ ಡೀಸೆಲ್ ಇಂಜಿನ್ ತಯಾರಾಗುವುದು ಅದೇ ಜಿಗಣಿಯಲ್ಲಿ.

ಅಣ್ಣಾ, ನನ್ನದು 2008ರ ಇನ್ನೋವಾ, ಯೆಲ್ಲೋ ಬೋರ್ಡ್. 6 ಲಕ್ಷದ 40 ಸಾವಿರ ಕಿಲೋಮೀಟರ್ ಓಡಿದೆ. ಇಂಜಿನ್ ಇನ್ನೂ ಬಿಚ್ಚಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ, ಶಿರಾಡಿ ಘಾಟಿ ಎಲ್ಲ ಲೆಕ್ಕವಿಲ್ಲದಷ್ಟು ಸಲ ಹತ್ತಿ ಇಳಿದಿದೆ. ಇನ್ನು ಎಷ್ಟು ದಿನ ಬರುತ್ತದೆ?
ಟ್ಯಾಕ್ಸಿ ಚಾಲಕರು, ಹಾಸನ

ಎಷ್ಟು ದಿನ ಅಂತ ಯಾರೂ ಹೇಳಲಾರರು ತಮ್ಮಾ. ಆದರೆ ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲು ಇದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ‘ಆಯಿಲ್ ಬದಲಿಸುವುದು ಮಾತ್ರ ಒಂದು ಸಲವೂ ತಪ್ಪಿಸಿಲ್ಲ, ಬಾಡಿಗೆ ಬಿಟ್ಟರೂ ಸರಿ’ ಅಂತ ಬರೆದಿದ್ದೀರಿ. 6 ಲಕ್ಷ ಬಂದದ್ದು ಅರ್ಧ ಆ ಇಂಜಿನ್ನಿನಿಂದ, ಇನ್ನರ್ಧ ಆ ಸಾಲಿನಿಂದ.

ಅದು ಎರಡೂವರೆ ಲೀಟರಿನ ಡೀಸೆಲ್ ಇಂಜಿನ್. ಶಕ್ತಿ ನೂರು ಕುದುರೆಯ ಆಸುಪಾಸು ಅಷ್ಟೇ. ಅಷ್ಟು ದೊಡ್ಡ ಇಂಜಿನ್ನಿನಿಂದ ಇನ್ನೂ ಜಾಸ್ತಿ ಶಕ್ತಿ ಹಿಂಡಬಹುದಿತ್ತು, ಹಿಂಡಲಿಲ್ಲ. ಪೂರಾ ಸುಸ್ತಾಗುವಷ್ಟು ದುಡಿಯದ ಎತ್ತು ಹೆಚ್ಚು ವರ್ಷ ಬಾಳುತ್ತದಲ್ವಾ, ಹಾಗೆ. ಕೆಳಗೆ ಲಾರಿಯ ಹಾಗೆ ಬೇರೆಯೇ ಚಾಸಿ, ಮೇಲೆ ಬಾಡಿ. ಹಿಂದಿನ ಚಕ್ರಕ್ಕೆ ಶಕ್ತಿ. ಎಂಟು ಜನ, ಅವರ ಚೀಲ, ಮೇಲೆ ಕ್ಯಾರಿಯರ್, ಎಲ್ಲ ಹೇರಿಕೊಂಡು ಘಾಟಿ ಹತ್ತಲಿ ಅಂತಲೇ ಮಾಡಿದ್ದು.

ಒಂದೇ ಎಚ್ಚರಿಕೆ, ಟೈಮಿಂಗ್ ಬೆಲ್ಟ್. ಇಂಜಿನ್ನಿನ ಭಾಗಗಳನ್ನು ತಾಳ ತಪ್ಪದ ಹಾಗೆ ಓಡಿಸುವ ಪಟ್ಟಿ ಅದು. ಇದನ್ನು ನಾನು ನೋವಿನಿಂದಲೇ ಬರೆಯುತ್ತೇನೆ. 2011ರಲ್ಲಿ ನನ್ನ ಗ್ಯಾರೇಜಿಗೆ ಒಬ್ಬರು ಇನ್ನೋವಾ ತಂದರು, ಮೀಟರಿನ ಹತ್ತಿರ ಟಿ-ಬೆಲ್ಟ್ ದೀಪ ಹೊತ್ತಿತ್ತು. ಆ ದಿನ ನನ್ನ ಹತ್ತಿರ ಬೆಲ್ಟ್ ಇರಲಿಲ್ಲ, ಮದುವೆ ಸೀಸನ್ ಬೇರೆ, ಅವರಿಗೆ ಅವಸರ. ಒಂದು ವಾರ ಬಿಟ್ಟು ಬನ್ನಿ ಏನೂ ಆಗಲ್ಲ ಅಂತ ನಾನೇ ಹೇಳಿ ಕಳಿಸಿದೆ. ಚಿತ್ರದುರ್ಗ ದಾಟುವಷ್ಟರಲ್ಲಿ ಬೆಲ್ಟ್ ಕಡಿಯಿತು, ವಾಲ್ವ್‌ಗಳು ಬಗ್ಗಿದವು, ಮದುವೆಯ ಮನೆಯವರು ರಾತ್ರಿ ರಸ್ತೆಯಲ್ಲಿ ಕೂತರು. ರಿಪೇರಿ ಖರ್ಚು ನಾನೇ ಹಾಕಿದೆ. ತಪ್ಪು ಗಾಡಿಯದ್ದಲ್ಲ. ಎಳೆ ತುಂಡಾಗುವ ಮುಂಚೆಯೇ ಅದು ದೀಪ ಹಚ್ಚಿ ಹೇಳಿತ್ತು, ಕೇಳದೆ ಹೋದವನು ನಾನು.

ನಿಮ್ಮದರಲ್ಲಿ ಕೊನೆಯ ಸಲ ಬೆಲ್ಟ್ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ ಅಂತ ಬರೆದಿಟ್ಟುಕೊಂಡಿದ್ದೀರಾ? ಇಲ್ಲದಿದ್ದರೆ ನಾಳೆಯೇ ಬದಲಿಸಿ. ಅದರ ಜೊತೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಕೂಡ ಬಿಚ್ಚಿ ನೋಡಿಸಿ.

ದೆಹಲಿಯಿಂದ ಬಂದ 2013ರ ಇನ್ನೋವಾ ನೋಡಿದ್ದೇನೆ. ಮೀಟರಿನಲ್ಲಿ 1 ಲಕ್ಷದ 15 ಸಾವಿರ ಇದೆ. ಇಲ್ಲಿಯ ಗಾಡಿಗಿಂತ ತುಂಬಾ ಕಡಿಮೆ ರೇಟು. ತೆಗೆದುಕೊಳ್ಳಲಾ?
ರೈತರು, ರಾಣೆಬೆನ್ನೂರು

ಮೀಟರ್ ನಂಬಬೇಡಿ. ಅದನ್ನು ಹಿಂದಕ್ಕೆ ತಿರುಗಿಸುವುದು ಹತ್ತು ನಿಮಿಷದ ಕೆಲಸ. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರ್ ನೋಡಿ, ಡ್ರೈವರ್ ಸೀಟಿನ ಅಂಚು ನೋಡಿ, ಸ್ಟೀರಿಂಗ್ ಎಷ್ಟು ನುಣುಪಾಗಿದೆ ಕೈಯಾಡಿಸಿ. 1 ಲಕ್ಷ ಓಡಿದ ಗಾಡಿಯ ಪೆಡಲ್ ರಬ್ಬರ್ ಗೆರೆಯೇ ಇಲ್ಲದ ಹಾಗೆ ಸವೆಯುವುದಿಲ್ಲ. ಟೊಯೋಟಾ ಸರ್ವೀಸ್ ಸೆಂಟರಿಗೆ ಹೋಗಿ, ಗಾಡಿ ನಂಬರ್ ಕೊಟ್ಟು ಹಳೆಯ ಸರ್ವೀಸ್ ದಾಖಲೆ ಕೇಳಿ. ಅಲ್ಲಿ ಪ್ರತಿ ಸಲ ಎಷ್ಟು ಕಿಲೋಮೀಟರ್ ಇತ್ತು ಅಂತ ಬರೆದಿರುತ್ತದೆ.

ದೆಹಲಿಯ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದಮೇಲೆ ಅಲ್ಲಿಯ ಇನ್ನೋವಾಗಳು ದಕ್ಷಿಣಕ್ಕೆ ಹರಿದು ಬಂದವು. ರೇಟು ಕಡಿಮೆ ಇರುವುದು ಅದಕ್ಕೆ. ಗಾಡಿ ಒಳ್ಳೆಯದೇ ಇರಬಹುದು, ಆದರೆ ಅಲ್ಲಿಯ ಆರ್‌ಟಿಒ ಎನ್‌ಒಸಿ ಕೈಗೆ ಸಿಗದೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ರಾಣೆಬೆನ್ನೂರಿನ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಆಮೇಲೆ ರೇಟು ಅಷ್ಟೇನೂ ಕಡಿಮೆ ಕಾಣಲಿಕ್ಕಿಲ್ಲ. ತೆಗೆದುಕೊಂಡರೆ ಮೊದಲ ದಿನವೇ ಬೆಲ್ಟ್ ಬದಲಿಸಿ. ಬೆಲ್ಟ್ ಬದಲಿಸದೆ ಬರೀ ದೀಪ ಆರಿಸಿ ಮಾರುವವರು ಇದ್ದಾರೆ.

ಚೆನ್ನಾಗಿ ಓಡುತ್ತಿದ್ದ ಕ್ವಾಲಿಸ್ ಯಾಕೆ ನಿಲ್ಲಿಸಿದರು? ನಮ್ಮ ಮನೆಯಲ್ಲಿ ಇನ್ನೂ ಇದೆ, ಮಾರಲು ಮನಸ್ಸಿಲ್ಲ.
ಓದುಗರು, ಶಿವಮೊಗ್ಗ

2000ದ ಜನವರಿಯಲ್ಲಿ ಬಿಡದಿಯಿಂದ ಮಾರುಕಟ್ಟೆಗೆ ಬಂದ ಮೊದಲ ಟೊಯೋಟಾ ಅದು. ಇಂಡೋನೇಷ್ಯಾದಲ್ಲಿ ಕಿಜಾಂಗ್ ಅಂತ ಓಡುತ್ತಿದ್ದ ಗಾಡಿಯನ್ನೇ ಇಲ್ಲಿಗೆ ಹೊಂದಿಸಿ ತಂದಿದ್ದರು. ಬಂದಾಗ ಪತ್ರಿಕೆಗಳು ಹಳೆಯ ಕಾಲದ ಡಬ್ಬ ಅಂತ ಬರೆದದ್ದು ನನಗೆ ನೆನಪಿದೆ. ಜನ ಕೇಳಲಿಲ್ಲ, ಕಾಲ್‌ಸೆಂಟರಿನವರೂ ಟ್ರಾವೆಲ್ಸಿನವರೂ ಮುಗಿಬಿದ್ದು ತೆಗೆದುಕೊಂಡರು. 2005ರಲ್ಲಿ, ಮಾರಾಟ ಇನ್ನೂ ಚೆನ್ನಾಗಿ ಇದ್ದಾಗಲೇ, ನಿಲ್ಲಿಸಿ ಅದರ ಜಾಗಕ್ಕೆ ಇನ್ನೋವಾ ತಂದರು. ಹೊರಗೆ ಅದರ ಹೊಸ ತಲೆಮಾರು ಬಂದಾಗಿತ್ತು, ಇಲ್ಲಿ ಮಾತ್ರ ಹಳೆಯದನ್ನು ಎಳೆಯುವುದು ಅವರಿಗೆ ಬೇಡವಾಗಿತ್ತು. ಆಗ ನನಗೂ ಬೇಜಾರಾಗಿತ್ತು. ಮಾರಬೇಡಿ. ಎಫ್‌ಸಿ ಮಾಡಿಸಿಕೊಂಡು, ತುಕ್ಕು ಹಿಡಿಯದ ಹಾಗೆ ನೋಡಿಕೊಂಡು ಇಟ್ಟುಕೊಳ್ಳಿ.

ಟೊಯೋಟಾ ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸಗಾರ ಒಂದು ಹಗ್ಗ ಎಳೆದರೆ ಇಡೀ ಲೈನ್ ನಿಲ್ಲುತ್ತದಂತೆ. ಹೌದಾ ಸಾರ್?
ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಹೌದು. ಅದಕ್ಕೆ ಆಂಡನ್ ಅನ್ನುತ್ತಾರೆ. ಬೋಲ್ಟ್ ಸರಿಯಾಗಿ ಕೂರಲಿಲ್ಲ, ಬಾಗಿಲಿನ ಸಂದು ಸರಿಯಿಲ್ಲ ಅನಿಸಿದರೆ ಅಲ್ಲಿ ಕೆಲಸ ಮಾಡುತ್ತಿರುವವರೇ ಎಳೆಯುತ್ತಾರೆ. ಎಳೆದ ತಕ್ಷಣ ದೀಪ ಹೊತ್ತಿ ಟೀಮ್ ಲೀಡರ್ ಓಡಿ ಬರುತ್ತಾರೆ. ಅಷ್ಟರಲ್ಲಿ ಸರಿಹೋದರೆ ಲೈನ್ ಹಾಗೇ ಮುಂದೆ ಹೋಗುತ್ತದೆ, ಆಗದಿದ್ದರೆ ನಿಲ್ಲುತ್ತದೆ. ಮೇಲೆ ಬರೆದೆನಲ್ಲ, ಎಳೆ ತುಂಡಾದರೆ ನಿಲ್ಲುವ ಮಗ್ಗ, ಅದೇ ಬುದ್ಧಿ ಇದು.

ಇದನ್ನೆಲ್ಲ ಒಂದು ಪದ್ಧತಿಯಾಗಿ ಕಟ್ಟಿದವರು ತಾಯಿಚಿ ಓನೊ. ಅವರೂ ಮೊದಲು ಟೊಯೋಡಾದ ನೂಲಿನ ಗಿರಣಿಯಲ್ಲಿ ಇದ್ದವರೇ. ಆ ಕಾಲದ ಸ್ಥಿತಿ ನೆನಪಿಡು ತಮ್ಮಾ. 1950ರಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು. ದೊಡ್ಡ ಮುಷ್ಕರವಾಗಿ ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟರು, ಕಿಚಿರೊ ಕೂಡ ರಾಜೀನಾಮೆ ಕೊಟ್ಟು ಹೊರಗೆ ಹೋದರು. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೈನ್ಯದಿಂದ ಲಾರಿಗಳ ಆರ್ಡರ್ ಬಂದದ್ದರಿಂದ ಕಂಪನಿ ಉಸಿರಾಡಿತು. ಕಿಚಿರೊ ಮಾತ್ರ ಮತ್ತೆ ಕಂಪನಿ ನಡೆಸುವ ಮೊದಲೇ, 1952ರಲ್ಲಿ ತೀರಿಕೊಂಡರು. ದುಡ್ಡಿಲ್ಲ, ಗೋದಾಮು ತುಂಬಾ ಸಾಮಾನು ಪೇರಿಸಿಡುವ ಶಕ್ತಿಯಿಲ್ಲ. ಹಾಗಾಗಿ ಬೇಕಾದದ್ದು, ಬೇಕಾದಾಗ, ಬೇಕಾದಷ್ಟೇ. ಅಮೆರಿಕದ ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನೇ ಮತ್ತೆ ತುಂಬಿಸಿಡುತ್ತಾರಲ್ಲ, ಓನೊಗೆ ಆ ಯೋಚನೆ ಹಿಡಿಸಿತು.

ಅವರದೇ ಇನ್ನೊಂದು ಅಭ್ಯಾಸ, ಐದು ಸಲ ‘ಯಾಕೆ’ ಕೇಳುವುದು. ನಿಮ್ಮ ಮನೆಯ ಗಾಡಿಯಲ್ಲೇ ಮಾಡಿ ನೋಡು. ಇಂಜಿನ್ ಬಿಸಿಯಾಯಿತು. ಯಾಕೆ? ಕೂಲೆಂಟ್ ಕಡಿಮೆ. ಯಾಕೆ ಕಡಿಮೆ? ಹೋಸ್ ಸೋರುತ್ತಿದೆ. ಯಾಕೆ ಸೋರಿತು? ಕ್ಲಿಪ್ ಸಡಿಲ. ಯಾಕೆ ಸಡಿಲ? ಹೋದ ಸಲ ಹಳೆಯ ಕ್ಲಿಪ್ಪನ್ನೇ ಹಾಕಿದ್ದರು. ಯಾಕೆ? ಅಂಗಡಿಯಲ್ಲಿ ಹೊಸ ಕ್ಲಿಪ್ ಇರಲಿಲ್ಲ. ಬರೀ ನೀರು ತುಂಬಿಸಿ ಕಳಿಸುವ ಗ್ಯಾರೇಜಿಗೂ, ಕ್ಲಿಪ್ ತರಿಸಿ ಇಟ್ಟುಕೊಳ್ಳುವ ಗ್ಯಾರೇಜಿಗೂ ಅಷ್ಟೇ ವ್ಯತ್ಯಾಸ. ಚಿತ್ರದುರ್ಗದ ಆ ಬೆಲ್ಟಿನ ನಂತರ ನನ್ನ ಕಪಾಟಿನಲ್ಲಿ ಯಾವಾಗಲೂ ಎರಡು ಟೈಮಿಂಗ್ ಬೆಲ್ಟ್ ಇರುತ್ತಿದ್ದವು.

ಎಲ್ಲರೂ ಹೊಗಳುತ್ತೀರಿ. ಈ ಕಂಪನಿ ತಪ್ಪೇ ಮಾಡಿಲ್ಲವಾ?
ಓದುಗರು, ಮಂಗಳೂರು

ಮಾಡಿದೆ, ದೊಡ್ಡ ತಪ್ಪುಗಳನ್ನೇ ಮಾಡಿದೆ. 2009ರಲ್ಲಿ ಅಮೆರಿಕದಲ್ಲಿ ಕಾಲಿನ ಕೆಳಗಿನ ಮ್ಯಾಟ್ ಆಕ್ಸಿಲರೇಟರಿಗೆ ಸಿಕ್ಕಿಕೊಂಡು ಗಾಡಿ ನಿಲ್ಲದೆ ಒಂದೇ ಅಪಘಾತದಲ್ಲಿ ನಾಲ್ಕು ಜನ ಸತ್ತರು. ಆಮೇಲೆ ಪೆಡಲೇ ಅಂಟಿಕೊಳ್ಳುವ ದೂರು ಬೇರೆ. ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಬೇಕಾಯಿತು. 2010ರ ಫೆಬ್ರುವರಿಯಲ್ಲಿ ಕಿಚಿರೊನ ಮೊಮ್ಮಗ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಮುಂದೆ ನಿಂತು ಕ್ಷಮೆ ಕೇಳಿದರು, ನಾವು ಬೆಳೆದ ವೇಗ ಅತಿಯಾಯಿತೇನೋ ಅಂತ ಒಪ್ಪಿಕೊಂಡರು. ಗಿರಾಕಿಗಳಿಗೆ ಸತ್ಯ ಮುಚ್ಚಿಟ್ಟದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿದರು. ಎಲೆಕ್ಟ್ರಾನಿಕ್ಸಿನಲ್ಲಿ ದೋಷವಿದೆಯಾ ಅಂತ ನಾಸಾದ ಇಂಜಿನಿಯರುಗಳು ಹುಡುಕಿದರು, ಸಿಗಲಿಲ್ಲ. ಆದರೆ ದಂಡ ಬಿದ್ದದ್ದು ಮುಚ್ಚಿಟ್ಟದ್ದಕ್ಕೆ.

ನನಗೆ ಇನ್ನೂ ಜಾಸ್ತಿ ನೋವಾದದ್ದು 2024ರ ಜನವರಿಯ ಸುದ್ದಿ. ಡೀಸೆಲ್ ಇಂಜಿನ್ನಿನ ಶಕ್ತಿ ಅಳೆಯುವ ಸರ್ಕಾರಿ ಪರೀಕ್ಷೆಯಲ್ಲಿ, ಮಾರುವ ಗಾಡಿಯಲ್ಲಿ ಇರುವುದಕ್ಕಿಂತ ಬೇರೆ ಸಾಫ್ಟ್‌ವೇರ್ ಹಾಕಿ ಅಂಕಿಗಳು ಏರುಪೇರಿಲ್ಲದೆ ಕಾಣುವ ಹಾಗೆ ಮಾಡಿದ್ದರು. ಮಾಡಿದ ಕಂಪನಿ ಯಾವುದು ಗೊತ್ತಾ? ಟೊಯೋಟಾ ಇಂಡಸ್ಟ್ರೀಸ್, ಅಂದರೆ ಅದೇ ಸಕಿಚಿಯ ಮಗ್ಗದ ಕಂಪನಿ. ನಮ್ಮಲ್ಲೂ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ರವಾನೆ ಕೆಲವು ದಿನ ನಿಂತಿತ್ತು. ಗಾಡಿಯ ಶಕ್ತಿಗೂ ಸುರಕ್ಷತೆಗೂ ತೊಂದರೆಯಿಲ್ಲ ಅಂದರು, ಇರಲಿ. ಎಳೆ ತುಂಡಾದಾಗ ನಿಲ್ಲುವ ಮಗ್ಗ ಮಾಡಿದ ಮನೆಯಲ್ಲೇ, ಎಳೆ ತುಂಡಾದದ್ದು ಕಂಡವರು ಹಗ್ಗ ಎಳೆಯಲಿಲ್ಲ. ಅವರ ಗಾಡಿಗಳನ್ನು ಪ್ರೀತಿಸುವ ನಾವೇ ಇದನ್ನು ಗಟ್ಟಿಯಾಗಿ ಹೇಳಬೇಕು.

ಮಗಳ ಕಾಲೇಜಿಗೆ ಹಳೆಯ ಕ್ಯಾಮ್ರಿ ನೋಡುತ್ತಿದ್ದೇವೆ, 2008ರದ್ದು, ನಾಲ್ಕು ಸಿಲಿಂಡರ್. ಟೊಯೋಟಾ ಅಂದಮೇಲೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಲ್ವಾ?
ಓದುಗರು, ನ್ಯೂಜೆರ್ಸಿ

ಬೇಡ ಅಮ್ಮ, ಕಣ್ಣು ಬಿಟ್ಟುಕೊಂಡೇ ತೆಗೆದುಕೊಳ್ಳಿ. 2007ರಿಂದ 2009ರ ಕ್ಯಾಮ್ರಿಯ 2.4 ಲೀಟರ್ ಇಂಜಿನ್ನಿಗೆ ಆಯಿಲ್ ಕುಡಿಯುವ ಕಾಯಿಲೆ ಇತ್ತು. ಪಿಸ್ಟನ್ ರಿಂಗಿನ ದೋಷ ಅದು, ಕಂಪನಿಯೇ ಒಪ್ಪಿಕೊಂಡು ಕೆಲವು ವರ್ಷ ಉಚಿತವಾಗಿ ಸರಿಮಾಡಿಕೊಟ್ಟಿತು. ಆ ಅವಧಿ ಮುಗಿದಿದೆ. ನೀವು ನೋಡಿದ ಗಾಡಿಗೆ ಆ ರಿಪೇರಿ ಆಗಿದೆಯಾ ಅಂತ ಕಾಗದ ಕೇಳಿ. ಆಗದಿದ್ದರೆ ಅದೇ ದುಡ್ಡಿಗೆ ಅದೇ ಕಾಲದ 1.8 ಲೀಟರ್ ಕರೋಲಾ ಹುಡುಕಿ, ಮಗಳಿಗೆ ಅದು ಸಾಕು. ಇನ್ನೊಂದು, ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಗಾಡಿಯನ್ನು ಮೇಲೆತ್ತಿಸಿ ಕೆಳಭಾಗದ ತುಕ್ಕು ನೋಡದೆ ಯಾವ ಹಳೆಯ ಗಾಡಿಯನ್ನೂ ಒಪ್ಪಬೇಡಿ.

ಪ್ರಶ್ನೆ ಏನಿಲ್ಲ. ಒಮಾನಿನಲ್ಲಿ 18 ವರ್ಷ ಲ್ಯಾಂಡ್ ಕ್ರೂಸರ್ ಓಡಿಸಿದೆ. ಮರಳಿನಲ್ಲಿ ಒಂದು ದಿನವೂ ಕೈಬಿಡಲಿಲ್ಲ. ಊರಿಗೆ ಬರುವ ದಿನ ಅದರ ಬಾನೆಟ್ ಮುಟ್ಟಿ ನಮಸ್ಕಾರ ಮಾಡಿ ಬಂದೆ. ಅಷ್ಟು ಹೇಳಬೇಕಿತ್ತು.
ಓದುಗರು, ಕುಂದಾಪುರ

ಓದಿ ಮನಸ್ಸು ತುಂಬಿತು ಅಣ್ಣಾ. ಆ ಗಾಡಿಯ ವಂಶದ ಮೊದಲನೆಯದು 1951ರಲ್ಲಿ ಫ್ಯೂಜಿ ಪರ್ವತ ಹತ್ತುವ ದಾರಿಯ ಆರನೇ ನಿಲ್ದಾಣದವರೆಗೆ ಏರಿ ತೋರಿಸಿತ್ತು. ಲ್ಯಾಂಡ್ ಕ್ರೂಸರ್ ಅನ್ನುವ ಹೆಸರು ಬಂದದ್ದು ಮೂರು ವರ್ಷ ಬಿಟ್ಟು.

ಗ್ಲಾನ್ಝಾ ನಿಜವಾದ ಟೊಯೋಟಾನಾ?
ಓದುಗರು, ದಾವಣಗೆರೆ

ಸುಜುಕಿ ಮಾಡಿಕೊಡುವ ಬಲೆನೊ ಅದು, ಟೊಯೋಟಾ ಹೆಸರಿನಲ್ಲಿ. 2019ರಿಂದ ಬರುತ್ತಿದೆ. ಒಳ್ಳೆಯ ಗಾಡಿಯೇ, ಆದರೆ ಇನ್ನೋವಾದ ಹಾಗೆ 6 ಲಕ್ಷ ಕಿಲೋಮೀಟರ್ ಬರುತ್ತದೆ ಅಂತ ಅಂದುಕೊಂಡು ತೆಗೆದುಕೊಳ್ಳಬೇಡಿ. ಅದು ಬೇರೆ ಮನೆಯ ಮಗು.

ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತೆಗೆದುಕೊಳ್ಳಬೇಕು ಅಂತಿದ್ದೇವೆ. ಬ್ಯಾಟರಿ ಹೋದರೆ ಲಕ್ಷಗಟ್ಟಲೆ ಖರ್ಚು ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.
ಓದುಗರು, ಬೆಂಗಳೂರು

ಹೆದರಿಕೆ ಸಹಜ. ಆದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಿಯಸ್ ಅನ್ನುವ ಹೈಬ್ರಿಡ್ ಕಾರು ಬಂದಾಗಿನಿಂದ ಇದನ್ನೇ ತಿದ್ದಿಕೊಂಡು ಬಂದಿದ್ದಾರೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟಾರೂ ಎರಡೂ ಇರುವ ಗಾಡಿ. ಇದನ್ನು ಚಾರ್ಜಿಗೆ ಹಾಕುವ ಪ್ಲಗ್ ಇಲ್ಲ. ಇಂಜಿನ್ ಓಡುವಾಗ, ನೀವು ಬ್ರೇಕ್ ಹಾಕುವಾಗ ಬ್ಯಾಟರಿ ತುಂಬಿಕೊಳ್ಳುತ್ತದೆ. ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ, ನಡುವೆಯೇ ಇಟ್ಟು ನಡೆಸುತ್ತದೆ. ಬಾಳಿಕೆ ಬರುವುದು ಅದಕ್ಕೆ. ನಮ್ಮಲ್ಲಿ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷದ 60 ಸಾವಿರ ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ದಿನಾ ನಿಂತು ನಿಂತು ಹೋಗುವವರಿಗೆ ಇದರಷ್ಟು ಪೆಟ್ರೋಲ್ ಉಳಿಸುವ ದೊಡ್ಡ ಗಾಡಿ ಬೇರೆ ಸಿಗುವುದು ಕಷ್ಟ. ಹೆದ್ದಾರಿಯಲ್ಲೇ ಜಾಸ್ತಿ ಓಡುವವರಿಗೆ ಲಾಭ ಅಷ್ಟಿಲ್ಲ.

ಎರಡು ಎಚ್ಚರಿಕೆ ಇಟ್ಟುಕೊಳ್ಳಿ. ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಎಲ್ಲಿದೆ ಅಂತ ಡೆಲಿವರಿ ದಿನವೇ ತೋರಿಸಿಕೊಳ್ಳಿ, ಅದಕ್ಕೆ ಚೀಲ, ಕಂಬಳಿ, ಮಕ್ಕಳ ಬಿಸ್ಕತ್ ಪುಡಿ ಏನೂ ಅಡ್ಡ ಬರದ ಹಾಗೆ ನೋಡಿಕೊಳ್ಳಿ. ಇನ್ನು ಬಾನೆಟ್ ಎತ್ತಿದರೆ ಕಿತ್ತಳೆ ಬಣ್ಣದ ದಪ್ಪ ವೈರ್ ಕಾಣುತ್ತದೆ. ಅದರಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಇರುತ್ತದೆ. ಹಾರ್ನ್, ಲೈಟ್ ಹಾಕಿಸಲು ಹೋದಾಗ ಪರಿಚಯದ ಎಲೆಕ್ಟ್ರಿಷಿಯನ್ ಆದರೂ ಸರಿ, ಆ ವೈರಿನ ಹತ್ತಿರ ಕೈ ಹಾಕಲು ಬಿಡಬೇಡಿ. ಎರಡು ತಿಂಗಳು ಊರಿಗೆ ಹೋಗಿ ಬಂದಾಗ ಗಾಡಿ ಸ್ಟಾರ್ಟ್ ಆಗದಿದ್ದರೆ ದೊಡ್ಡ ಬ್ಯಾಟರಿ ಹೋಯಿತು ಅಂತ ಗಾಬರಿ ಬೇಡ, ಮೊದಲು ಪುಟ್ಟ 12 ವೋಲ್ಟ್ ಬ್ಯಾಟರಿಯನ್ನು ನೋಡಿಸಿ.